ಮೆಕ್ಕೆಜೋಳದ ಚುಕ್ಕೆ, ಮಂಡಿಯ ಊತ

ಮುಂಗಾರಿನ ಬೆಳೆ ಕೈಗೆ ಬಂದ ಮೇಲೆ ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ಎತ್ತ ನೋಡಿದರೂ ಮೆಕ್ಕೆಜೋಳದ ರಾಶಿ. ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯಿಂದ ಟ್ರ್ಯಾಕ್ಟರುಗಳು ಬರುತ್ತಲೇ ಇರುತ್ತವೆ. ಹಳ್ಳಿಗಳ ಹತ್ತಿರ ಟಾರು ರಸ್ತೆಯ ಒಂದು ಮಗ್ಗುಲೇ ಕಣವಾಗಿ ಕಾಳು ಒಣಗುತ್ತಿರುತ್ತದೆ. ಹರಿಹರದ ಸುತ್ತ ಭದ್ರಾ ನಾಲೆಯ ನೀರು ಸಿಕ್ಕಲ್ಲಿ ಭತ್ತ, ಸಿಗದ ಬಯಲಿನಲ್ಲಿ ಮೆಕ್ಕೆಜೋಳ. ಈ ಸೀಮೆಯ ರೈತನ ವರ್ಷದ ಲೆಕ್ಕ ನಿಂತಿರುವುದು ಬಹುಮಟ್ಟಿಗೆ ಈ ಎರಡರ ಮೇಲೆ.

ವೈದ್ಯಕೀಯ ವಲಯದಲ್ಲಿ ಇದೇ ಊರಿಗೆ ಇನ್ನೊಂದು ಗುರುತಿದೆ. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದು ದಾವಣಗೆರೆಯಲ್ಲಿ. ಅದನ್ನು ಕಟ್ಟಿ ಬೆಳೆಸಿದ ಡಾ. ಸುರೇಶ್ ಹನಗವಾಡಿ ಜೆಜೆಎಂ ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅವರಿಗೂ ಹಿಮೋಫಿಲಿಯಾ ಇದೆ. ರಕ್ತ ಹೆಪ್ಪುಗಟ್ಟದ ಈ ಕುಸುಮ ರೋಗದ ನೋವನ್ನು ತಮ್ಮ ಮೈಯಲ್ಲೇ ಅನುಭವಿಸಿ, ಅದರ ವಿರುದ್ಧ ಸಂಸ್ಥೆ ಕಟ್ಟಿದವರು ಅವರು. ಸುತ್ತಲಿನ ಜಿಲ್ಲೆಗಳಿಂದ ಮಂಡಿ ಊದಿದ ಹುಡುಗರನ್ನು ಎತ್ತಿಕೊಂಡು ತಂದೆ ತಾಯಂದಿರು ದಾವಣಗೆರೆಗೆ ಬಂದಿಳಿಯುವುದಕ್ಕೆ ಈ ಸೊಸೈಟಿ ದೊಡ್ಡ ಕಾರಣ.

ಮೆಕ್ಕೆಜೋಳದ ರಾಶಿಗೂ ಊದಿದ ಮಂಡಿಗೂ ಎಲ್ಲಿಯ ಸಂಬಂಧ? ಜೀವವಿಜ್ಞಾನದ ಚರಿತ್ರೆಯಲ್ಲಿ ಸಂಬಂಧವಿದೆ, ಅದೂ ಬಹಳ ಗಟ್ಟಿಯಾದದ್ದು. ನಮ್ಮ ಡಿಎನ್‌ಎಯಲ್ಲಿ ಕೂತಲ್ಲಿ ಕೂರದೆ ಜಾಗ ಬದಲಿಸುವ ತುಣುಕುಗಳಿವೆ. ಅವನ್ನು ಜಿಗಿಯುವ ಜೀನ್‌ಗಳು ಎನ್ನುತ್ತಾರೆ. ಅಂಥವು ಇವೆಯೆಂದು ಮೊದಲು ಗೊತ್ತಾದದ್ದು ಮೆಕ್ಕೆಜೋಳದ ತೆನೆಯಲ್ಲಿ. ಅವು ಮನುಷ್ಯನಿಗೆ ರೋಗ ತರಬಲ್ಲವೆಂದು ಮೊದಲು ಸಾಬೀತಾದದ್ದು ಹಿಮೋಫಿಲಿಯಾ ರೋಗಿಗಳ ರಕ್ತದಲ್ಲಿ.

ತೆನೆಯಿಂದಲೇ ಶುರುಮಾಡೋಣ. ನಮ್ಮ ಪ್ರಾಂಗಣಕ್ಕೆ ಬರುವ ಹೈಬ್ರಿಡ್ ಕಾಳಿಗೆ ಒಂದೇ ಬಣ್ಣ: ಕಿತ್ತಳೆ ಮಿಶ್ರಿತ ಹಳದಿ. ಆದರೆ ಮೆಕ್ಕೆಜೋಳದ ಹಳೆಯ ತಳಿಗಳಲ್ಲಿ ನೇರಳೆ, ಕೆಂಪು, ಬಿಳಿ ಎಲ್ಲವೂ ಇವೆ. ಕೆಲವು ತೆನೆಗಳಲ್ಲಿ ಬಿಳಿಯ ಕಾಳಿನ ಮೇಲೆ ನೇರಳೆ ಚುಕ್ಕೆಗಳಿರುತ್ತವೆ. ಅಂಥ ಒಂದು ಕಾಳನ್ನು ಕೈಯಲ್ಲಿ ಹಿಡಿದು ನೋಡಿದರೆ ಒಂದು ಚುಕ್ಕೆ ದೊಡ್ಡದು, ಇನ್ನೊಂದು ಸೂಜಿಮೊನೆಯಷ್ಟು, ಪಕ್ಕದ ಕಾಳಿನಲ್ಲಿ ಚುಕ್ಕೆಯೇ ಇಲ್ಲ. ಒಂದೊಂದು ಕಾಳೂ ಪ್ರತ್ಯೇಕ ಪರಾಗಸ್ಪರ್ಶದಿಂದ ಕಟ್ಟಿದ್ದಾದ್ದರಿಂದ ಒಂದೇ ತೆನೆಯಲ್ಲಿ ನೂರಾರು ಸಂತಾನಗಳ ಫಲಿತಾಂಶ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ. ಅನುವಂಶೀಯತೆಯನ್ನು ಅಭ್ಯಾಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ಸಿಗಲಾರದು.

ಅಮೆರಿಕದ ಬಾರ್ಬರಾ ಮೆಕ್ಲಿಂಟಾಕ್ ಆ ಚುಕ್ಕೆಗಳ ಹಿಂದೆ ಬಿದ್ದರು. ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ಹೊಲದಲ್ಲಿ ತಾವೇ ಬಿತ್ತಿ, ತಾವೇ ಪರಾಗಸ್ಪರ್ಶ ಮಾಡಿಸಿ, ಸೂಕ್ಷ್ಮದರ್ಶಕದಲ್ಲಿ ವರ್ಣತಂತುಗಳನ್ನು ನೋಡುತ್ತ 1940ರ ದಶಕದ ಬಹುಭಾಗವನ್ನು ಕಳೆದರು. ಅವರು ಕಂಡದ್ದು ಇಷ್ಟು: ಬಣ್ಣ ಕೊಡುವ ಜೀನಿನೊಳಗೆ ಡಿಎಸ್ ಎಂಬ ತುಣುಕು ಬಂದು ಕೂತರೆ ಜೀನ್ ಕೆಡುತ್ತದೆ, ಕಾಳು ಬಿಳಿಯಾಗುತ್ತದೆ. ಕಾಳು ಬೆಳೆಯುವಾಗ ಯಾವುದೋ ಒಂದು ಕೋಶದಲ್ಲಿ ಆ ತುಣುಕು ಎದ್ದು ಹೋದರೆ ಜೀನ್ ಮತ್ತೆ ಸರಿಯಾಗುತ್ತದೆ. ಆ ಕೋಶ ಮತ್ತು ಅದರಿಂದ ಹುಟ್ಟಿದ ಕೋಶಗಳೆಲ್ಲ ನೇರಳೆಯಾಗುತ್ತವೆ. ಬೇಗ ಎದ್ದರೆ ದೊಡ್ಡ ಚುಕ್ಕೆ, ತಡವಾಗಿ ಎದ್ದರೆ ಚಿಕ್ಕದು. ಡಿಎಸ್ ತಾನೇ ಏಳಲಾರದು. ಅದನ್ನು ಎಬ್ಬಿಸಲು ಎಸಿ ಎಂಬ ಇನ್ನೊಂದು ತುಣುಕು ಅದೇ ಕೋಶದಲ್ಲಿ ಇರಬೇಕು.

1951ರ ಒಂದು ವಿಜ್ಞಾನ ಸಮಾವೇಶದಲ್ಲಿ ಅವರು ಇದನ್ನೆಲ್ಲ ಮಂಡಿಸಿದಾಗ ಒಪ್ಪಿದವರು ಕಡಿಮೆ. ಜೀನ್‌ಗಳು ವರ್ಣತಂತುವಿನ ಮೇಲೆ ತಮ್ಮ ತಮ್ಮ ಜಾಗದಲ್ಲಿ ಭದ್ರವಾಗಿ ಇರುತ್ತವೆ ಎಂಬುದು ಆಗಿನ ನಂಬಿಕೆ. ಮುಂದೆ ಬ್ಯಾಕ್ಟೀರಿಯಾದಲ್ಲಿ, ಹಣ್ಣಿನ ನೊಣದಲ್ಲಿ ಇಂಥವೇ ತುಣುಕುಗಳು ಸಿಕ್ಕ ಮೇಲೆ ಎಲ್ಲರೂ ಮೆಕ್ಕೆಜೋಳದತ್ತ ತಿರುಗಿ ನೋಡಿದರು. 1983ರಲ್ಲಿ ಮೆಕ್ಲಿಂಟಾಕ್‌ಗೆ ನೊಬೆಲ್ ಬಂತು, ಪಾಲುದಾರರಿಲ್ಲದೆ ಅವರೊಬ್ಬರಿಗೇ. ಆಗ ಅವರಿಗೆ 81 ವರ್ಷ. 2009ರಲ್ಲಿ ಮೆಕ್ಕೆಜೋಳದ ಜೀನೋಮನ್ನು, ಅಂದರೆ ಅದರ ಇಡೀ ಡಿಎನ್‌ಎ ಬರಹವನ್ನು, ಓದಿದಾಗ ಅದರ ಸುಮಾರು ಶೇ. 85 ಭಾಗ ಇಂಥ ಜಿಗಿಯುವ ತುಣುಕುಗಳದ್ದೇ ಎಂದು ತಿಳಿಯಿತು.

ಮನುಷ್ಯರ ಪಾಲು ಅಷ್ಟಿಲ್ಲ, ಆದರೂ ಕಡಿಮೆಯೇನಲ್ಲ. ನಮ್ಮ ಜೀನೋಮ್ ಅಂದರೆ ಸುಮಾರು 300 ಕೋಟಿ ಅಕ್ಷರಗಳ ಬರಹ. ಪ್ರೋಟೀನು ತಯಾರಿಸಲು ಆದೇಶ ಕೊಡುವ ಭಾಗ ಅದರಲ್ಲಿ ಶೇ. 2ಕ್ಕಿಂತ ಕಡಿಮೆ. 2001ರಲ್ಲಿ ಜೀನೋಮಿನ ಮೊದಲ ಕರಡು ಹೊರಬಂದಾಗ ಜಿಗಿಯುವ ಜೀನ್‌ಗಳೂ ಅವುಗಳ ಪಳೆಯುಳಿಕೆಗಳೂ ಸೇರಿ ಹೆಚ್ಚು ಕಡಿಮೆ ಅರ್ಧ ಜಾಗ ಹಿಡಿದಿರುವುದು ಕಂಡಿತು. ಮೆಕ್ಕೆಜೋಳದ ಡಿಎಸ್‌ನಂತೆ ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಕೂರುವ ಜಾತಿ ನಮ್ಮ ವಂಶದಲ್ಲಿ ಕೋಟ್ಯಂತರ ವರ್ಷಗಳ ಹಿಂದೆಯೇ ಸುಮ್ಮನಾಗಿದೆ. ಇವತ್ತಿಗೂ ನಮ್ಮೊಳಗೆ ಚುರುಕಾಗಿರುವುದು ಬೇರೆ ಜಾತಿ. ಅದು ಇದ್ದಲ್ಲಿಂದ ಏಳುವುದಿಲ್ಲ; ತನ್ನ ನಕಲನ್ನು ಇನ್ನೊಂದು ಕಡೆ ಸೇರಿಸುತ್ತದೆ.

ಈ ಜಾತಿಯ ಯಜಮಾನನ ಹೆಸರು ಲೈನ್-1, ಚಿಕ್ಕದಾಗಿ ಎಲ್-1. ಪೂರ್ಣ ಎಲ್-1ಗೆ ಸುಮಾರು 6,000 ಅಕ್ಷರಗಳ ಉದ್ದ. ನಮ್ಮ ಜೀನೋಮಿನಲ್ಲಿ ಇದರ ಪ್ರತಿಗಳು ಸುಮಾರು 5 ಲಕ್ಷ; ಇಡೀ ಬರಹದ ಶೇ. 17 ಭಾಗ ಇದರದ್ದೇ. ಬಹುಪಾಲು ಪ್ರತಿಗಳು ತುಂಡಾಗಿ, ತಪ್ಪು ತುಂಬಿ ಸತ್ತಂತೆ ಬಿದ್ದಿವೆ. ಒಬ್ಬ ಮನುಷ್ಯನಲ್ಲಿ ಜಿಗಿಯುವ ಶಕ್ತಿ ಉಳಿದಿರುವುದು 80ರಿಂದ 100 ಪ್ರತಿಗಳಿಗೆ ಮಾತ್ರ. ಅಂಥದೊಂದು ಎಲ್-1 ಮೊದಲು ಆರ್‌ಎನ್‌ಎ ರೂಪದ ತನ್ನ ನಕಲನ್ನು ಮಾಡಿಸಿಕೊಳ್ಳುತ್ತದೆ. ಆ ನಕಲು ಕೋಶಕೇಂದ್ರದಿಂದ ಹೊರಗೆ ಬಂದು ಎರಡು ಪ್ರೋಟೀನುಗಳನ್ನು ತಯಾರಿಸಿಕೊಂಡು, ಅವುಗಳ ಜೊತೆಗೇ ವಾಪಸ್ ಕೇಂದ್ರದೊಳಗೆ ನುಗ್ಗುತ್ತದೆ. ಅದರಲ್ಲಿ ಒಂದು ಪ್ರೋಟೀನಿಗೆ ಎರಡು ಕೆಲಸ: ವರ್ಣತಂತುವಿನ ಒಂದು ಎಳೆಯನ್ನು ಕತ್ತರಿಸುವುದು, ಕತ್ತರಿಸಿದ ಜಾಗದಲ್ಲಿ ಆರ್‌ಎನ್‌ಎಯನ್ನು ನೋಡಿಕೊಂಡು ಡಿಎನ್‌ಎ ಬರೆಯುವುದು. ಎಚ್‌ಐವಿ ವೈರಸ್ ನಮ್ಮ ಜೀನೋಮಿನೊಳಗೆ ಸೇರಿಕೊಳ್ಳಲು ಬಳಸುವುದೂ ಇಂಥದೇ ತಿರುಗುಬರಹದ ಕಿಣ್ವವನ್ನು.

ತಾಲ್ಲೂಕು ಕಚೇರಿಯ ದಾಖಲೆ ಕಟ್ಟಿನಲ್ಲಿ ನಿಮ್ಮ ಹೊಲದ ಪಹಣಿಯ ನಡುವೆ ಇನ್ಯಾರದೋ ಹೊಲದ ಹಾಳೆಯ ನಕಲು ಸೇರಿಸಿ ಹೊಲಿದುಬಿಟ್ಟರೆ ಏನಾದೀತು? ಆ ಇನ್ಯಾರದೋ ಮೂಲ ಹಾಳೆ ಅದರ ಜಾಗದಲ್ಲಿ ಹಾಗೇ ಇರುತ್ತದೆ. ಕೆಟ್ಟುಹೋಗುವುದು ನಿಮ್ಮ ಪಹಣಿ. ಎಲ್-1ರ ಜಿಗಿತದಲ್ಲಿ ಆಗುವುದೂ ಇದೇ. ಜೀನೋಮಿನ ಖಾಲಿ ಬಯಲಿನಲ್ಲಿ ನಕಲು ಸೇರಿದರೆ ಯಾರಿಗೂ ತಿಳಿಯುವುದಿಲ್ಲ; ಹೆಚ್ಚಿನ ಜಿಗಿತಗಳು ಅಂಥವೇ. ಮುಖ್ಯ ಜೀನಿನ ನಡುವೆ ಸೇರಿದರೆ ರೋಗ.

1988ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಹೇಗ್ ಕಜಾಜಿಯನ್ ಮತ್ತು ಸಂಗಡಿಗರು 240 ಮಂದಿ ಹಿಮೋಫಿಲಿಯಾ-ಎ ರೋಗಿಗಳ ಡಿಎನ್‌ಎ ಪರೀಕ್ಷೆ ಮಾಡುತ್ತಿದ್ದರು. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಪ್ರೋಟೀನಿನ ಜೀನ್ ಎಲ್ಲಿ ಕೆಟ್ಟಿದೆ ಎಂದು ನೋಡುವುದು ಅವರ ಉದ್ದೇಶ. ಆ ಜೀನ್ ಎಕ್ಸ್ ವರ್ಣತಂತುವಿನ ತುದಿಯ ಬಳಿ ಸುಮಾರು 1,86,000 ಅಕ್ಷರಗಳಷ್ಟು ಉದ್ದಕ್ಕೆ ಹಬ್ಬಿದೆ. ಇಬ್ಬರು ಹುಡುಗರಲ್ಲಿ ಅದರ 14ನೆಯ ಎಕ್ಸಾನಿನೊಳಗೆ (ಪ್ರೋಟೀನಿಗೆ ಆದೇಶ ಕೊಡುವ ಭಾಗ) ಇರಬಾರದ ಉದ್ದನೆಯ ತುಣುಕೊಂದು ಸಿಕ್ಕಿತು. ಓದಿ ನೋಡಿದರೆ ಎರಡೂ ಎಲ್-1. ಇಬ್ಬರ ತಾಯಂದಿರ ರಕ್ತದಲ್ಲೂ ಆ ತುಣುಕು ಇರಲಿಲ್ಲ. ಅಂದರೆ ಜಿಗಿತ ಆಗಿದ್ದು ಹೊಸದಾಗಿ, ಆ ಮಕ್ಕಳು ಮೈತಳೆಯುವ ಹೊತ್ತಿಗೆ. ಮನುಷ್ಯನ ಜೀನೋಮಿನಲ್ಲಿ ಜಿಗಿಯುವ ಜೀನ್ ಇವತ್ತಿಗೂ ಜೀವಂತವಾಗಿದೆ ಎಂಬುದಕ್ಕೆ ಅದು ಮೊದಲ ಸಾಕ್ಷಿ. 1991ರಲ್ಲಿ ಅದೇ ತಂಡ ಆ ಇಬ್ಬರಲ್ಲಿ ಒಬ್ಬನೊಳಗೆ ಸೇರಿದ ನಕಲಿನ ಮೂಲವನ್ನು 22ನೆಯ ವರ್ಣತಂತುವಿನಲ್ಲಿ ಪತ್ತೆಹಚ್ಚಿತು. ಎಲ್ಲಿಂದ ಎಲ್ಲಿಗೆ ಜಿಗಿಯಿತು ಎಂಬುದಕ್ಕೆ ವಿಳಾಸವೂ ಸಿಕ್ಕಂತಾಯಿತು.

ಅಲ್ಲಿಂದ ಈಚೆಗೆ ಇಂಥ ಜಿಗಿತದಿಂದಾದ ರೋಗಗಳ ನೂರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿವೆ. ಅವುಗಳಲ್ಲಿ ಹೆಚ್ಚಿನವು ಅಲು ಎಂಬ ಇನ್ನೊಂದು ತುಣುಕಿನದು. ಅಲು ಗಾತ್ರದಲ್ಲಿ ಚಿಕ್ಕದು, ಬರೀ 300 ಅಕ್ಷರ. ಆದರೆ ನಮ್ಮಲ್ಲಿ ಅದರ 10 ಲಕ್ಷಕ್ಕೂ ಹೆಚ್ಚು ಪ್ರತಿಗಳಿವೆ. ಸ್ವಂತ ಪ್ರೋಟೀನು ಅದಕ್ಕಿಲ್ಲ. ಎಲ್-1 ತನಗಾಗಿ ಮಾಡಿಕೊಂಡ ಉಪಕರಣವನ್ನೇ ಬಳಸಿ ಜಿಗಿಯುತ್ತದೆ. 1991ರಲ್ಲಿ ನ್ಯೂರೋಫೈಬ್ರೊಮಟೋಸಿಸ್ ಎಂಬ ನರಗಂಟುಗಳ ರೋಗಿಯೊಬ್ಬನ ಜೀನಿನಲ್ಲಿ ಹೊಸದಾಗಿ ಬಂದು ಸೇರಿದ ಅಲು ಸಿಕ್ಕಿತು. ಮರುವರ್ಷ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯೊಂದರಲ್ಲಿ ಗಡ್ಡೆ ಬೆಳೆಯದಂತೆ ತಡೆಯುವ ಎಪಿಸಿ ಜೀನನ್ನೇ ಎಲ್-1 ಒಡೆದಿತ್ತು. ಅದೇ ರೋಗಿಯ ಆರೋಗ್ಯವಂತ ಅಂಗಾಂಶದಲ್ಲಿ ಆ ಒಡಕು ಇರಲಿಲ್ಲ. ಹುಟ್ಟಿನಿಂದ ಬಂದ ಜೀನೋಮು ಬದುಕಿನ ನಡುವೆಯೂ ಬದಲಾಗಬಲ್ಲದು ಎಂಬುದು ಹಾಗೆ ಗೊತ್ತಾಯಿತು. ಸಾಮಾನ್ಯವಾಗಿ ನಮ್ಮ ಕೋಶಗಳು ಮೀಥೈಲ್ ಗುಂಪುಗಳನ್ನು ಅಂಟಿಸಿ ಎಲ್-1ಗಳ ಬಾಯಿ ಮುಚ್ಚಿರುತ್ತವೆ. ಅನೇಕ ಕ್ಯಾನ್ಸರ್‌ಗಳಲ್ಲಿ ಈ ಕಾವಲು ಸಡಿಲವಾಗುತ್ತದೆ.

ಅಲು ಜಿಗಿಯದೆಯೂ ಹಾನಿ ಮಾಡಬಲ್ಲದು. ಒಂದೇ ಥರದ ಲಕ್ಷಾಂತರ ಪ್ರತಿಗಳು ಅಲ್ಲಲ್ಲಿ ಇರುವಾಗ ವರ್ಣತಂತುಗಳು ಜೋಡಿಯಾಗಿ ತುಣುಕು ಬದಲಿಸಿಕೊಳ್ಳುವ ಹೊತ್ತಿನಲ್ಲಿ ಒಂದು ಅಲು ತನ್ನ ಜೋಡಿಯನ್ನು ಬಿಟ್ಟು ಪಕ್ಕದ ಅಲುವಿಗೆ ಹೊಂದಿಕೊಂಡುಬಿಡುತ್ತದೆ. ನಡುವಿನ ಭಾಗ ಕಳೆದುಹೋಗುತ್ತದೆ, ಇಲ್ಲವೇ ಎರಡಾಗುತ್ತದೆ. ಚಿಕ್ಕ ವಯಸ್ಸಿನಲ್ಲೇ ವಿಪರೀತ ಕೊಲೆಸ್ಟರಾಲ್ ತರುವ ಎಲ್‌ಡಿಎಲ್ ಗ್ರಾಹಿಯ ದೋಷ, ಸ್ತನ ಮತ್ತು ಅಂಡಾಶಯ ಕ್ಯಾನ್ಸರಿಗೆ ದಾರಿಮಾಡುವ ಬಿಆರ್‌ಸಿಎ-1 ದೋಷ, ಇವುಗಳಲ್ಲಿ ಹಲವು ಹೀಗೆ ಆದವು.

ಹಾಗೆಂದು ಇವನ್ನೆಲ್ಲ ಕಸ ಎಂದು ತಳ್ಳಿಹಾಕುವುದು ಸರಿಯಲ್ಲ. ಮಗುವಿಗೆ ತಾಯಿಯ ಗರ್ಭದಲ್ಲಿ ಆಹಾರ ಒದಗಿಸುವ ಮಾಸು ಸರಿಯಾಗಿ ಬೆಳೆಯಲು ಸಿನ್ಸಿಟಿನ್ ಎಂಬ ಪ್ರೋಟೀನು ಬೇಕು. ಅದನ್ನು ತಯಾರಿಸುವುದು ಎಂದೋ ನಮ್ಮ ಪೂರ್ವಜರ ಜೀನೋಮಿಗೆ ಸೇರಿಕೊಂಡ ವೈರಸ್ಸಿನ ಜೀನು. ಲೆಕ್ಕವಿಲ್ಲದಷ್ಟು ಬಗೆಯ ಪ್ರತಿಕಾಯಗಳನ್ನು ತಯಾರಿಸಲು ನಮ್ಮ ಬಿಳಿ ರಕ್ತಕಣಗಳು ಬಳಸುವ ಕತ್ತರಿಯೂ ಹಳೆಯ ಜಿಗಿಯುವ ಜೀನಿನಿಂದ ಬಂದದ್ದು. ನಮಗೆ ಬಾಲವಿಲ್ಲದಿರುವುದಕ್ಕೆ ಒಂದು ಅಲು ಕಾರಣವಿರಬೇಕೆಂದು 2024ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇನ್ನು ರಕ್ತದೊತ್ತಡಕ್ಕೆ ಸಂಬಂಧಪಟ್ಟ ಎಸಿಇ ಜೀನಿನಲ್ಲಿ 287 ಅಕ್ಷರಗಳ ಅಲು ಒಂದು ನಮ್ಮಲ್ಲಿ ಕೆಲವರಿಗೆ ಇದೆ, ಕೆಲವರಿಗೆ ಇಲ್ಲ. ಅಕ್ಕಪಕ್ಕದ ಮನೆಯವರ ನಡುವೆ ಇರಬಹುದಾದ ವ್ಯತ್ಯಾಸ ಅದು.

ಈಗ ದಾವಣಗೆರೆಗೆ ಬರುವ ಹುಡುಗನ ಮಂಡಿಯ ವಿಷಯ. ಹಿಮೋಫಿಲಿಯಾ ಇರುವವರಿಗೆ ಗಾಯವಾದರೆ ರಕ್ತ ಧಾರೆಯಾಗಿ ಸುರಿಯುತ್ತದೆ ಎಂಬ ಕಲ್ಪನೆ ಅನೇಕರಿಗಿದೆ. ನಿಜವಾದ ಕಷ್ಟ ಇರುವುದು ಒಳಗೆ. ಅಂಬೆಗಾಲಿಡುವ ಮಗುವಿನ ಮಂಡಿ, ಪೃಷ್ಠದ ಮೇಲೆ ಕಾರಣವಿಲ್ಲದೆ ನೀಲಿಗಟ್ಟುತ್ತದೆ. ಕಿವಿ ಚುಚ್ಚಿಸಿದಾಗ, ಸುನ್ನತಿ ಮಾಡಿಸಿದಾಗ, ಹಾಲುಹಲ್ಲು ಬಿದ್ದಾಗ ರಕ್ತ ನಿಲ್ಲುವುದಿಲ್ಲ. ಓಡಾಡುವ ವಯಸ್ಸಿಗೆ ಕೀಲಿನೊಳಗೆ ರಕ್ತ ಇಳಿಯತೊಡಗುತ್ತದೆ. ಮಂಡಿ ಬಿಸಿಯಾಗಿ, ಬಿಗಿದು, ಮಡಿಸಲಾಗದಷ್ಟು ಊದುತ್ತದೆ. ಉಳುಕಿರಬೇಕೆಂದು ಮನೆಯವರು ಎಣ್ಣೆ ಹಚ್ಚಿ ನೀವಿಸುತ್ತಾರೆ. ನೀವಿದಷ್ಟೂ ಒಳಗಿನ ಸೋರಿಕೆ ಹೆಚ್ಚು. ಹೀಗೆ ಮತ್ತೆ ಮತ್ತೆ ಆದರೆ ಕೀಲಿನ ಒಳಪದರ ಉಬ್ಬಿ, ಮೃದ್ವಸ್ಥಿ ಸವೆದು, ಹತ್ತು ಹನ್ನೆರಡರ ಹುಡುಗ ಕಾಲೆಳೆದು ನಡೆಯುವಂತಾಗುತ್ತದೆ. ಇದೆಲ್ಲ ತಡೆಯಬಹುದಾದ ಅಂಗವೈಕಲ್ಯ ಎಂಬುದೇ ಸಂಕಟದ ಸಂಗತಿ.

ಗಂಡು ಮಗುವಿಗೆ ರೋಗವೆಂದು ತಿಳಿದ ದಿನ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ: ಇದು ಯಾರ ಕಡೆಯಿಂದ ಬಂತು? ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ, ಗಂಡು ಮಗುವಿಗೆ ಎಕ್ಸ್ ಬರುವುದು ತಾಯಿಯಿಂದ. ಅಷ್ಟನ್ನು ಅರ್ಧಂಬರ್ಧ ಕೇಳಿಸಿಕೊಂಡ ಮನೆಯವರು ಸೊಸೆಯ ತವರಿನತ್ತ ಬೆರಳು ತೋರಿಸುತ್ತಾರೆ. ಈ ಅಧ್ಯಾಯವನ್ನು ನಾನು ಬರೆಯುತ್ತಿರುವುದೇ ಮುಖ್ಯವಾಗಿ ಈ ಬೆರಳಿಗಾಗಿ. ಹಿಮೋಫಿಲಿಯಾ ಪ್ರಕರಣಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಕುಟುಂಬದ ಹಿನ್ನೆಲೆಯೇ ಇಲ್ಲ. ಜಾನ್ಸ್ ಹಾಪ್ಕಿನ್ಸ್ ತಂಡ ಪರೀಕ್ಷಿಸಿದ ಆ ಇಬ್ಬರು ಹುಡುಗರ ತಾಯಂದಿರ ಜೀನು ಸರಿಯಾಗಿಯೇ ಇತ್ತು.

ಎಲ್-1ರಿಂದ ಹಿಮೋಫಿಲಿಯಾ ಬರುವುದು ತೀರ ಅಪರೂಪ. 240 ಮಂದಿಯಲ್ಲಿ ಇಬ್ಬರು ಎಂಬ ಲೆಕ್ಕವೇ ಅದನ್ನು ಹೇಳುತ್ತದೆ. ತೀವ್ರ ಹಿಮೋಫಿಲಿಯಾ-ಎ ಇರುವವರಲ್ಲಿ ಸುಮಾರು ಶೇ. 45 ಮಂದಿಗೆ ಇರುವ ದೋಷ ಬೇರೆ. 1993ರಲ್ಲಿ ಪತ್ತೆಯಾದ ಅದೂ ನಕಲು ಪ್ರತಿಗಳ ಕಥೆಯೇ, ಜಿಗಿಯುವ ಜೀನಿನದ್ದಲ್ಲ ಅಷ್ಟೆ. ಫ್ಯಾಕ್ಟರ್ 8 ಜೀನಿನ 22ನೆಯ ಇಂಟ್ರಾನಿನಲ್ಲಿ (ಎಕ್ಸಾನುಗಳ ನಡುವಿನ ಭಾಗ) ಸುಮಾರು 9,500 ಅಕ್ಷರಗಳ ಒಂದು ತುಣುಕಿದೆ. ಅದರದ್ದೇ ಇನ್ನೆರಡು ಪ್ರತಿಗಳು ವರ್ಣತಂತುವಿನ ತುದಿಯ ಕಡೆ ಇವೆ. ಹೆಣ್ಣಿನಲ್ಲಿ ಅಂಡ ತಯಾರಾಗುವಾಗ ಎರಡು ಎಕ್ಸ್‌ಗಳು ಉದ್ದಕ್ಕೂ ಜೋಡಿಯಾಗಿ ನೆಟ್ಟಗೆ ನಿಲ್ಲುತ್ತವೆ. ಗಂಡಿನಲ್ಲಿ ಇರುವುದು ಒಂದೇ ಎಕ್ಸ್. ವೀರ್ಯಾಣು ತಯಾರಾಗುವಾಗ ಜೋಡಿಯಿಲ್ಲದ ಅದರ ತುದಿ ತನ್ನ ಮೇಲೆ ತಾನೇ ಮಡಚಿಕೊಂಡು, ತುದಿಯ ಪ್ರತಿ ಒಳಗಿನ ಪ್ರತಿಗೆ ಹೊಂದಿಕೊಳ್ಳುತ್ತದೆ. ನಡುವಿನ ಭಾಗ ತಲೆಕೆಳಗಾಗಿ ಜೀನ್ ಎರಡು ತುಂಡಾಗುತ್ತದೆ. ಹೊಸದಾಗಿ ಆಗುವ ಈ ತಿರುವು ಹೆಚ್ಚುಕಮ್ಮಿ ಎಲ್ಲವೂ ಗಂಡಿನ ವೀರ್ಯಾಣುವಿನಲ್ಲೇ ಆಗುತ್ತದೆ. ಅಂದರೆ ಹುಡುಗನ ತಾಯಿಯ ತಂದೆಯಲ್ಲಿ, ಅವಳಿನ್ನೂ ಹುಟ್ಟುವುದಕ್ಕೆ ಮೊದಲೇ ಆಗಿರಬಹುದಾದ ಆಕಸ್ಮಿಕ ಅದು. ಆ ತಾತ ಆರೋಗ್ಯವಾಗಿಯೇ ಬಾಳಿರುತ್ತಾನೆ. ಯಾರ ಪಾಪವೂ ಅಲ್ಲ, ಯಾರ ದೋಷವೂ ಅಲ್ಲ, ಯಾವ ಹರಕೆ ತಪ್ಪಿದ್ದಕ್ಕೂ ಬಂದದ್ದಲ್ಲ.

ಕಾರಣ ನಿಖರವಾಗಿ ತಿಳಿದರೆ ಮುಂದಿನ ದಾರಿ ತೆರೆಯುತ್ತದೆ. ತಾಯಿ ವಾಹಕಿಯಾಗಿದ್ದರೆ ಪ್ರತಿ ಗಂಡುಮಗುವಿಗೂ ರೋಗ ಬರುವ ಸಾಧ್ಯತೆ ಅರ್ಧಕ್ಕರ್ಧ. ಅವಳ ಅಕ್ಕತಂಗಿಯರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ತಾಯಿಯ ರಕ್ತದಲ್ಲಿ ದೋಷ ಇಲ್ಲದಿದ್ದರೆ ಆ ಅಕ್ಕತಂಗಿಯರ ಬಗೆಗಿನ ಆತಂಕ ಬಹಳಷ್ಟು ಇಳಿಯುತ್ತದೆ. ತೊಡಕಿರುವುದು ಜಿಗಿಯುವ ಜೀನ್‌ಗಳನ್ನು ಹಿಡಿಯುವಲ್ಲಿ. ಈಗ ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆಗಳು ಡಿಎನ್‌ಎಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಓದುತ್ತವೆ. ಅಲುವಿನ ಒಂದು ತುಂಡು ಸಿಕ್ಕರೆ ಅದು 10 ಲಕ್ಷ ಪ್ರತಿಗಳಲ್ಲಿ ಯಾವುದರದ್ದು ಎಂದು ಹೇಳುವುದು ಕಷ್ಟ. ಹೊಸದಾಗಿ ಸೇರಿದ ಪ್ರತಿ ಕಣ್ತಪ್ಪಿಸಿಕೊಳ್ಳುತ್ತದೆ. ವರದಿಯಲ್ಲಿ ದೋಷ ಕಾಣಲಿಲ್ಲ ಎಂದು ಬಂದಮಾತ್ರಕ್ಕೆ ದೋಷವೇ ಇಲ್ಲ ಎಂದಲ್ಲ.

ಹೀಗೆ ಕಣ್ತಪ್ಪಿದ್ದನ್ನು ಹಿಡಿದು ಔಷಧವನ್ನೇ ಮಾಡಿದ ಉದಾಹರಣೆ ಒಂದಿದೆ. ಅಮೆರಿಕದ ಪುಟ್ಟ ಹುಡುಗಿಯೊಬ್ಬಳಿಗೆ ಬ್ಯಾಟನ್ ಎಂಬ ಅನುವಂಶೀಯ ಕಾಯಿಲೆ. ದೃಷ್ಟಿ ಹೋಗಿ, ನಡಿಗೆ ತಪ್ಪಿ, ಫಿಟ್ಸ್ ಹೆಚ್ಚುತ್ತಿತ್ತು. ಮಾಮೂಲಿ ಪರೀಕ್ಷೆಯಲ್ಲಿ ಅರ್ಧ ಕಾರಣ ಮಾತ್ರ ಸಿಕ್ಕಿತ್ತು. ಬಾಸ್ಟನ್ ಮಕ್ಕಳ ಆಸ್ಪತ್ರೆಯ ಟಿಮೊಥಿ ಯು ಮತ್ತು ಸಂಗಡಿಗರು ಇಡೀ ಜೀನೋಮ್ ಓದಿದಾಗ ಎಸ್‌ವಿಎ ಎಂಬ ಜಿಗಿಯುವ ತುಣುಕು ಆ ಕಾಯಿಲೆಗೆ ಸಂಬಂಧಪಟ್ಟ ಜೀನಿನ ಒಳಗೆ ಕೂತಿರುವುದು ಕಂಡಿತು. ಅದರ ಪ್ರಭಾವವನ್ನು ಮುಚ್ಚುವ 22 ಅಕ್ಷರಗಳ ಔಷಧವನ್ನು ಆ ಒಬ್ಬಳಿಗಾಗಿಯೇ ತಯಾರಿಸಿ 2018ರಲ್ಲಿ ಕೊಡಲು ಶುರುಮಾಡಿದರು. ಫಿಟ್ಸ್ ಇಳಿಯಿತು. ಅಷ್ಟರಲ್ಲಿ ಕಾಯಿಲೆ ಬಹಳ ಮುಂದುವರಿದಿತ್ತು. 2021ರಲ್ಲಿ ಮಗು ತೀರಿಕೊಂಡಿತು. ಆದರೆ ಒಬ್ಬರಿಗಾಗಿ ಒಂದು ಔಷಧ ಎಂಬ ದಾರಿ ಅಲ್ಲಿಂದ ಶುರುವಾಯಿತು.

ಹಿಮೋಫಿಲಿಯಾದಲ್ಲಿ ನಮ್ಮ ನೆರೆಯಲ್ಲೇ ಆದ ಕೆಲಸ ಇನ್ನೂ ಹೆಚ್ಚಿನ ಭರವಸೆ ಕೊಡುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ತೀವ್ರ ಹಿಮೋಫಿಲಿಯಾ-ಎ ಇದ್ದ ಐವರ ರಕ್ತದ ಮೂಲಕೋಶಗಳಿಗೆ ಫ್ಯಾಕ್ಟರ್ 8 ಜೀನನ್ನು ಸೇರಿಸಿದ ಫಲಿತಾಂಶ 2024ರ ಕೊನೆಗೆ ಪ್ರಕಟವಾಯಿತು. ಚಿಕಿತ್ಸೆಯ ನಂತರ ಐವರಲ್ಲೂ ರಕ್ತಸ್ರಾವ ನಿಂತಿತ್ತು. ಜೀನನ್ನು ಹೊತ್ತುಹೋಗಿ ವರ್ಣತಂತುವಿಗೆ ಸೇರಿಸಿದ್ದು ನಿರಪಾಯಗೊಳಿಸಿದ ಲೆಂಟಿವೈರಸ್. ಅದು ಬಳಸುವುದೂ ಆರ್‌ಎನ್‌ಎಯಿಂದ ಡಿಎನ್‌ಎ ಬರೆಯುವ ಕಿಣ್ವವನ್ನೇ. ಎಲ್-1 ಇಬ್ಬರು ಹುಡುಗರ ಜೀನನ್ನು ಕೆಡಿಸಿದ ವಿದ್ಯೆಯಿಂದಲೇ ವೆಲ್ಲೂರಿನಲ್ಲಿ ಐವರಿಗೆ ಜೀನು ಕೊಟ್ಟಂತಾಯಿತು.

ಅಂಥ ಚಿಕಿತ್ಸೆ ಎಲ್ಲರಿಗೂ ದಕ್ಕುವ ಕಾಲ ಇನ್ನೂ ದೂರವಿದೆ. ಅಲ್ಲಿಯವರೆಗೆ ಮಾಡಬೇಕಾದ್ದು ಸರಳ. ಹೊಡೆತವಿಲ್ಲದೆ ಮಗುವಿನ ಮಂಡಿ ಊದಿದರೆ, ಚಿಕ್ಕ ಗಾಯದ ರಕ್ತ ಗಂಟೆಗಟ್ಟಲೆ ನಿಲ್ಲದಿದ್ದರೆ ಎಣ್ಣೆ ಹಚ್ಚಿ ನೀವಿಸಬೇಡಿ, ಮಾಂಸಖಂಡಕ್ಕೆ ಇಂಜೆಕ್ಷನ್ ಹಾಕಿಸಬೇಡಿ, ಆಸ್ಪಿರಿನ್ ಕೊಡಬೇಡಿ. ತಡಮಾಡದೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ ಸೇರಿದೆ; ಪ್ರಮಾಣಪತ್ರ ಪಡೆಯುವುದು ಆ ಮಗುವಿನ ಹಕ್ಕು. ಆ ಮಗುವಿನ ತಾಯಿಯನ್ನು ದಯವಿಟ್ಟು ಯಾರೂ ದೂರಬೇಡಿ.